ಯಾರು ಮೊದಲು, ಯಾರು ಕೊನೆ: ಗ್ರಾಫ್ ಕ್ರಮ ಮತ್ತು ಗ್ರೀಡಿ ಸಮಸ್ಯೆಗಳನ್ನು ಬಿಡಿಸುವ ದಾರಿ

ಮೂರು ಕೆಲಸಗಳಿವೆ ಅಂದುಕೊಳ್ಳಿ: 1, 2, 3. ನಿಯಮ ಒಂದೇ. 3 ಮುಗಿದ ಮೇಲೆಯೇ 1 ಮಾಡಬೇಕು. ಒಂದು ಸಲಕ್ಕೆ ಒಂದೇ ಕೆಲಸ. 1ನೇ ಕೆಲಸ ಆದಷ್ಟು ಬೇಗ ಮುಗಿಯಬೇಕು. ಅದಕ್ಕೆ ತೊಂದರೆ ಆಗದ ಹಾಗೆ 2 ಬೇಗ ಮುಗಿಯಬೇಕು, ಆಮೇಲೆ 3. ಯಾವ ಕ್ರಮದಲ್ಲಿ ಮಾಡುತ್ತೀರಿ?

ಕಾಗದದ ಮೇಲೆ ಉತ್ತರ ಸುಲಭ: 3, 1, 2. ಆದರೆ ಟೋಪೊಲಾಜಿಕಲ್ ಸಾರ್ಟ್ (ಇಂಥ ನಿಯಮಗಳು ಮುರಿಯದ ಹಾಗೆ ಕೆಲಸಗಳನ್ನು ಸಾಲಾಗಿ ಇಡುವ ವಿಧಾನ) ಕಲಿತ ಬಹಳಷ್ಟು ಜನ ಬರೆಯುವ ಕೋಡ್ 2, 3, 1 ಅಂತ ಕೊಡುತ್ತದೆ. 'ಈಗ ಮಾಡಬಹುದಾದ ಕೆಲಸಗಳಲ್ಲಿ ಚಿಕ್ಕ ನಂಬರಿನದನ್ನು ಆರಿಸು' ಎಂದು ಅವರು ಪ್ರಯಾರಿಟಿ ಕ್ಯೂ (ಒಳಗಿರುವುದರಲ್ಲಿ ಅತಿ ಚಿಕ್ಕದನ್ನೋ ಅತಿ ದೊಡ್ಡದನ್ನೋ ಮೊದಲು ಕೊಡುವ ಸಾಲು) ಹಾಕಿರುತ್ತಾರೆ. ಶುರುವಿನಲ್ಲಿ 2 ಮತ್ತು 3 ಎರಡನ್ನೂ ಮಾಡಬಹುದು. 2 ಚಿಕ್ಕದು, ಅದನ್ನೇ ಆರಿಸುತ್ತದೆ. ಅಷ್ಟರಲ್ಲಿ 1 ಒಂದು ಸ್ಥಾನ ಹಿಂದೆ ಹೋಗಿಬಿಟ್ಟಿರುತ್ತದೆ.

ನಾನೂ ಮೊದಲ ಸಲ ಹೀಗೆಯೇ ಬರೆದಿದ್ದೆ. ಸ್ಯಾಂಪಲ್ ಪಾಸಾಯಿತು, ಕೋಡ್ ಪರೀಕ್ಷಿಸುವ ತಾಣಕ್ಕೆ ಸಬ್ಮಿಟ್ ಮಾಡಿದಾಗ ರಾಂಗ್ ಆನ್ಸರ್ ಬಂತು. ಎರಡು ಗಂಟೆ ಕೋಡ್‌ನಲ್ಲಿ ತಪ್ಪು ಹುಡುಕಿದೆ. ಕೋಡ್ ಸರಿಯಾಗಿಯೇ ಇತ್ತು. ಆಯ್ಕೆಯ ನಿಯಮ ತಪ್ಪಿತ್ತು. ಈ ತರಹದ ಸಮಸ್ಯೆಗಳಲ್ಲಿ ಕೋಡ್ ಇಪ್ಪತ್ತು ಮೂವತ್ತು ಸಾಲು ಅಷ್ಟೇ. ಕಷ್ಟ ಇರುವುದು ಯಾವ ತುದಿಯಿಂದ ಆರಿಸಬೇಕು, ಯಾವ ಆಧಾರದ ಮೇಲೆ ಆರಿಸಬೇಕು ಎಂಬಲ್ಲಿ. ಅದನ್ನು ಕೀಬೋರ್ಡ್ ಮುಟ್ಟುವ ಮುಂಚೆ ಹೇಗೆ ನಿರ್ಧರಿಸುವುದು ಅಂತ ಇಲ್ಲಿ ಹಂತ ಹಂತವಾಗಿ ನೋಡೋಣ. ಗ್ರಾಫ್ ಅಂದರೆ ನೋಡ್‌ಗಳು ಮತ್ತು ಅವುಗಳ ನಡುವಿನ ಎಡ್ಜ್‌ಗಳು ಅಂತ ಗೊತ್ತಿದ್ದರೆ ಸಾಕು.

ಮೊದಲು ಬಾಣ ಬರೆಯಿರಿ

ಹೋಳಿಗೆ ಮಾಡುವ ದಿನ ನೆನಪಿಸಿಕೊಳ್ಳಿ. ಕೆಲಸಗಳಿಗೆ ನಂಬರ್ ಕೊಡೋಣ.

1. ಬೇಳೆ ಬೇಯಿಸುವುದು
2. ಕಟ್ಟು ಬಸಿಯುವುದು
3. ಬೆಲ್ಲ ಹಾಕಿ ಹೂರಣ ರುಬ್ಬುವುದು
4. ಕಣಕ ಕಲಸುವುದು
5. ಹೋಳಿಗೆ ತಟ್ಟಿ ಬೇಯಿಸುವುದು
6. ಕಟ್ಟಿನ ಸಾರು ಮಾಡುವುದು

ಬಾಣಗಳು: 1→2, 2→3, 2→6, 3→5, 4→5. 'ಇದು ಆದ ಮೇಲೆ ಅದು' ಅನ್ನುವ ಪ್ರತಿ ಮಾತೂ ಒಂದು ಬಾಣ, ಅಂದರೆ ದಿಕ್ಕು ಇರುವ ಎಡ್ಜ್. ಕಣಕ ಕಲಸುವುದಕ್ಕೂ ಬೇಳೆ ಬೇಯಿಸುವುದಕ್ಕೂ ನಡುವೆ ಬಾಣವಿಲ್ಲ. ಯಾವುದು ಮೊದಲಾದರೂ ನಡೆಯುತ್ತದೆ. ಈ ಸ್ವಾತಂತ್ರ್ಯ ಇರುವ ಕಡೆಯೇ ಮುಂದೆ ಗ್ರೀಡಿ, ಅಂದರೆ ಪ್ರತಿ ಹಂತದಲ್ಲೂ ಆಗ ಒಳ್ಳೆಯದು ಅನ್ನಿಸಿದ್ದನ್ನು ಆರಿಸುತ್ತಾ ಹೋಗುವ ವಿಧಾನ, ಬರುತ್ತದೆ.

ಬಾಣದ ದಿಕ್ಕು ತಿರುಗಿಸಿ ಬರೆಯುವುದು ತುಂಬಾ ಸಾಮಾನ್ಯವಾದ ತಪ್ಪು. ಕೋಡಿಂಗ್ ಅಭ್ಯಾಸಕ್ಕೆ ಸಿಎಸ್‌ಇಎಸ್, ಲೀಟ್‌ಕೋಡ್, ಕೋಡ್‌ಫೋರ್ಸಸ್, ಆಟ್‌ಕೋಡರ್ ಎಂಬ ತಾಣಗಳಿವೆ. ಸಿಎಸ್‌ಇಎಸ್ ತಾಣದ 'ಕೋರ್ಸ್ ಶೆಡ್ಯೂಲ್' ಸಮಸ್ಯೆಯಲ್ಲಿ ಜೋಡಿಯ ಮೊದಲ ಕೋರ್ಸ್ ಮೊದಲು ಮುಗಿಯಬೇಕು. ಲೀಟ್‌ಕೋಡ್‌ನಲ್ಲಿ ಅದೇ ಹೆಸರಿನ 207ನೇ ಸಮಸ್ಯೆಯಲ್ಲಿ ಜೋಡಿಯ ಎರಡನೆಯದು ಮೊದಲು ಮುಗಿಯಬೇಕು. ಒಂದರ ಕೋಡ್ ಇನ್ನೊಂದಕ್ಕೆ ಅಂಟಿಸಿದರೆ ಉಲ್ಟಾ ಆಗುತ್ತದೆ. ಆದ್ದರಿಂದ ಇನ್‌ಪುಟ್ ಓದುವ ಸಾಲಿನ ಪಕ್ಕದಲ್ಲೇ ಒಂದು ಕಮೆಂಟ್ ಬರೆಯಿರಿ: 'ಬಾಣ ಮೊದಲು ಮಾಡುವುದರಿಂದ ಆಮೇಲೆ ಮಾಡುವುದಕ್ಕೆ.' ನಾನು ಈಗಲೂ ಬರೆಯುತ್ತೇನೆ.

ಕೆಲವು ಸಮಸ್ಯೆಗಳಲ್ಲಿ ಬಾಣಗಳನ್ನು ಅವರು ಕೊಡುವುದಿಲ್ಲ, ನಾವೇ ಹುಡುಕಬೇಕು. ಗೊತ್ತಿಲ್ಲದ ಭಾಷೆಯ ನಿಘಂಟಿನ ಪದಗಳನ್ನು ಕ್ರಮದಲ್ಲಿ ಕೊಟ್ಟು, ಅಕ್ಷರಮಾಲೆಯ ಕ್ರಮ ಕೇಳುವ ಸಮಸ್ಯೆ ಇದೆ. ಕನ್ನಡ ಬಾರದವರೊಬ್ಬರಿಗೆ ನಮ್ಮ ನಿಘಂಟು ಸಿಕ್ಕಿತು ಅಂದುಕೊಳ್ಳಿ. 'ಕಮಲ' ಆದ ಮೇಲೆ 'ಕರಡಿ' ಇದೆ. ಮೊದಲ ಅಕ್ಷರ ಒಂದೇ. ಎರಡನೆಯದರಲ್ಲಿ ವ್ಯತ್ಯಾಸ ಬಂತು. ಹಾಗಾಗಿ ಮ→ರ ಎಂಬ ಒಂದು ಬಾಣ ಸಿಕ್ಕಿತು. ಅಲ್ಲಿಗೆ ನಿಲ್ಲಿಸಬೇಕು. ಮುಂದಿನ ಲ ಮತ್ತು ಡಿ ಬಗ್ಗೆ ಈ ಜೋಡಿ ಏನೂ ಹೇಳುವುದಿಲ್ಲ. ಪಕ್ಕಪಕ್ಕದ ಪದಗಳನ್ನು ಮಾತ್ರ ಹೋಲಿಸಿದರೆ ಸಾಕು. ಇನ್ನೊಂದು ವಿಷಯ: 'ಮರಳು' ಮೊದಲು ಬಂದು 'ಮರ' ಆಮೇಲೆ ಬಂದರೆ ಯಾವ ಅಕ್ಷರಮಾಲೆಯಿಂದಲೂ ಅದನ್ನು ಸರಿಮಾಡಲು ಆಗುವುದಿಲ್ಲ. ಅಲ್ಲಿ ನೇರವಾಗಿ 'ಸಾಧ್ಯವಿಲ್ಲ' ಅಂತ ಹೇಳಬೇಕು. ಈ ಒಂದು ಸಣ್ಣ ಪ್ರಕರಣ ಬಿಟ್ಟು ಸೋಲುವವರು ಬಹಳ ಜನ.

ಒಂದು ಸರಿಯಾದ ಕ್ರಮ ಸಿಗುವ ವಿಧಾನ

ಆರ್ಥರ್ ಕಾನ್ 1962ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಎಲ್ಲರೂ ಬಳಸುವಂಥದ್ದು. ಪ್ರತಿ ನೋಡ್‌ಗೆ ಎಷ್ಟು ಬಾಣಗಳು ಬಂದು ಸೇರುತ್ತವೆ ಅಂತ ಎಣಿಸಿ. ಇದಕ್ಕೆ ಇನ್‌ಡಿಗ್ರಿ ಎನ್ನುತ್ತಾರೆ. ಆಮೇಲೆ:

ಇನ್‌ಡಿಗ್ರಿ 0 ಇರುವ ಎಲ್ಲ ನೋಡ್‌ಗಳನ್ನು ಕ್ಯೂಗೆ ಹಾಕಿ.
ಕ್ಯೂ ಖಾಲಿಯಾಗುವ ತನಕ:
— ಒಂದನ್ನು ತೆಗೆದು ಉತ್ತರಕ್ಕೆ ಸೇರಿಸಿ.
— ಅದರಿಂದ ಹೊರಡುವ ಪ್ರತಿ ಬಾಣದ ತುದಿಯ ಇನ್‌ಡಿಗ್ರಿ 1 ಕಡಿಮೆ ಮಾಡಿ.
— ಯಾವುದಾದರೂ 0 ಆದರೆ ಅದನ್ನೂ ಕ್ಯೂಗೆ ಹಾಕಿ.
ಕೊನೆಗೆ ಉತ್ತರದಲ್ಲಿ ಎಲ್ಲ ನೋಡ್‌ಗಳೂ ಇಲ್ಲದಿದ್ದರೆ ಗ್ರಾಫ್‌ನಲ್ಲಿ ಸೈಕಲ್ ಇದೆ, ಅಂದರೆ ಬಾಣಗಳ ಹಿಂದೆ ಹೋದರೆ ಸುತ್ತಿ ಹೊರಟ ಜಾಗಕ್ಕೇ ಬರುತ್ತೇವೆ.

ಹೋಳಿಗೆಗೆ ಹಚ್ಚಿ ನೋಡಿ. ಶುರುವಿನಲ್ಲಿ ಕ್ಯೂನಲ್ಲಿ 1 ಮತ್ತು 4. 1 ತೆಗೆದರೆ 2 ಬಿಡುಗಡೆ. 4 ತೆಗೆದರೆ 5ರ ಇನ್‌ಡಿಗ್ರಿ ಎರಡರಿಂದ ಒಂದಕ್ಕೆ ಇಳಿಯುತ್ತದೆ, ಇನ್ನೂ ಬಿಡುಗಡೆ ಇಲ್ಲ. 2 ತೆಗೆದರೆ 3 ಮತ್ತು 6. 3 ತೆಗೆದಾಗ 5 ಬಿಡುಗಡೆ. ಬಂದ ಕ್ರಮ: 1, 4, 2, 3, 6, 5. ಬೇಳೆ ಒಲೆ ಮೇಲಿಟ್ಟು ಕಣಕ ಕಲಸುವುದು, ಮನೆಯಲ್ಲಿ ಮಾಡುವುದೂ ಹೀಗೇ ಅಲ್ವಾ?

ಪ್ರತಿ ನೋಡ್ ಒಂದು ಸಲ, ಪ್ರತಿ ಬಾಣ ಒಂದು ಸಲ ಮುಟ್ಟುತ್ತೇವೆ. 1 ಲಕ್ಷ ನೋಡ್, 2 ಲಕ್ಷ ಬಾಣ ಇದ್ದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಡಿಎಫ್‌ಎಸ್ (ಒಂದು ದಾರಿಯಲ್ಲಿ ಕೊನೆಯ ತನಕ ಹೋಗಿ ಹಿಂತಿರುಗುವ ಹುಡುಕಾಟ) ಬಳಸಿಯೂ ಇದೇ ಕೆಲಸ ಮಾಡಬಹುದು. ಆದರೆ 1 ಲಕ್ಷ ಉದ್ದದ ಸರಪಳಿ ಬಂದರೆ ಪೈಥಾನ್‌ನಲ್ಲಿ ರಿಕರ್ಶನ್ (ಫಂಕ್ಷನ್ ತನ್ನನ್ನೇ ಕರೆಯುವುದು) ಮುರಿದು ಬೀಳುತ್ತದೆ. ಅಲ್ಲಿ ತಾನಾಗಿಯೇ ಇರುವ ಮಿತಿ 1000. ಹಾಗಾಗಿ ಕಲಿಯುವವರಿಗೆ ಕಾನ್ ವಿಧಾನವೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಕೊನೆಯಲ್ಲಿ ಎಣಿಸಿದರೆ ಸೈಕಲ್ ಇದೆಯೋ ಇಲ್ಲವೋ ಅನ್ನುವುದೂ ಪುಕ್ಕಟೆ ಗೊತ್ತಾಗುತ್ತದೆ.

ಕ್ರಮ ಒಂದೇ ಒಂದು ಇದೆಯಾ ಎಂದು ಕೇಳಿದರೆ, ಯಾವ ಹಂತದಲ್ಲಾದರೂ ಕ್ಯೂನಲ್ಲಿ ಒಂದಕ್ಕಿಂತ ಜಾಸ್ತಿ ನೋಡ್ ಇತ್ತಾ ಅಂತ ನೋಡಿ. ಇದ್ದರೆ ಒಂದಕ್ಕಿಂತ ಹೆಚ್ಚು ಕ್ರಮಗಳಿವೆ.

ಪ್ರಶ್ನೆ ನಿಜವಾಗಿ ಏನು ಕೇಳುತ್ತಿದೆ

ಇಲ್ಲಿ ನಿಧಾನ ಮಾಡಿ. 'ಯಾವುದಾದರೂ ಒಂದು ಕ್ರಮ ಕೊಡಿ' ಅಂದರೆ ಮೇಲಿನದು ಸಾಕು. 'ಪಟ್ಟಿಯಾಗಿ ಓದಿದಾಗ ಅತಿ ಚಿಕ್ಕದಾದ ಕ್ರಮ ಕೊಡಿ' ಅಂದರೆ ಕ್ಯೂ ಬದಲು ಪ್ರಯಾರಿಟಿ ಕ್ಯೂ, ಪ್ರತಿ ಸಲ ಚಿಕ್ಕ ನಂಬರ್. ಇದು ಸರಿಯಾದ ಗ್ರೀಡಿ. ಯಾಕೆಂದರೆ ಪಟ್ಟಿಯ ಮೊದಲ ಜಾಗದಲ್ಲಿ ಏನಿದೆ ಎಂಬುದೇ ಮೊದಲು ಹೋಲಿಕೆಗೆ ಬರುತ್ತದೆ.

ಆದರೆ ನಾನು ಶುರುವಿನಲ್ಲಿ ಕೇಳಿದ್ದು ಬೇರೆ. '1ನೇ ನೋಡ್ ಎಷ್ಟನೇ ಜಾಗದಲ್ಲಿದೆ' ಎಂಬುದು ಅಲ್ಲಿ ಮೊದಲು ಹೋಲಿಕೆಗೆ ಬರುತ್ತದೆ. ಒಂದು ಪ್ರಶ್ನೆ 'ಮೊದಲ ಜಾಗದಲ್ಲಿ ಯಾರು' ಅನ್ನುತ್ತದೆ, ಇನ್ನೊಂದು 'ಮೊದಲನೆಯವನು ಯಾವ ಜಾಗದಲ್ಲಿ' ಅನ್ನುತ್ತದೆ. ಓದುವಾಗ ಎರಡೂ ಒಂದೇ ಅನ್ನಿಸುತ್ತದೆ. ಸಿಎಸ್‌ಇಎಸ್‌ನ 'ಕೋರ್ಸ್ ಶೆಡ್ಯೂಲ್ 2', ಕೋಡ್‌ಫೋರ್ಸಸ್‌ನ 825ಇ 'ಮಿನಿಮಲ್ ಲೇಬಲ್ಸ್' ಎರಡೂ ಈ ಎರಡನೇ ಜಾತಿಯವು.

ಕೊನೆಯಿಂದ ಆರಿಸುವುದು

ಮುಂದಿನಿಂದ ಆರಿಸುವಾಗ ತೊಂದರೆ ಏನು? 3ನೇ ಕೆಲಸದ ಹಿಂದೆ 1 ಅಡಗಿ ಕೂತಿದೆ. ನೋಡಲು 3 ದೊಡ್ಡ ನಂಬರ್, ಆದರೆ ಅದನ್ನು ತಡ ಮಾಡಿದರೆ 1 ತಡವಾಗುತ್ತದೆ. ಮುಂದಿನ ತುದಿಯಲ್ಲಿ ನಿಂತರೆ ಯಾರ ಹಿಂದೆ ಯಾರಿದ್ದಾರೆ ಅಂತ ಕಾಣುವುದಿಲ್ಲ.

ಕೊನೆಯ ತುದಿಗೆ ಹೋಗಿ ನಿಲ್ಲಿ. ಕೊನೆಯ ಜಾಗಕ್ಕೆ ಯಾರು ಬರಬಹುದು? ತನ್ನಿಂದ ಯಾವ ಬಾಣವೂ ಹೊರಡದ ನೋಡ್ ಮಾತ್ರ. ಅಂಥವನ ಹಿಂದೆ ಯಾರೂ ಅಡಗಿಲ್ಲ. ಅವನನ್ನು ಎಷ್ಟು ತಡ ಮಾಡಿದರೂ ಬೇರೆ ಯಾರಿಗೂ ತೊಂದರೆ ಇಲ್ಲ. ಅಂಥವರಲ್ಲಿ ಅತಿ ದೊಡ್ಡ ನಂಬರಿನವನನ್ನು ಕೊನೆಯ ಜಾಗಕ್ಕೆ ಹಾಕಿ. ಅವನನ್ನು ಗ್ರಾಫ್‌ನಿಂದ ತೆಗೆದು, ಉಳಿದವರ ಮೇಲೆ ಇದನ್ನೇ ಮತ್ತೆ ಮಾಡಿ.

ನಮ್ಮ ಮೂರು ಕೆಲಸಗಳಲ್ಲಿ ಬಾಣ ಹೊರಡದವು 1 ಮತ್ತು 2. ದೊಡ್ಡದು 2, ಅದು ಕೊನೆಗೆ. ಉಳಿದಿದ್ದು 3→1. 1 ಎರಡನೇ ಜಾಗಕ್ಕೆ, 3 ಮೊದಲಿಗೆ. ಬಂತು: 3, 1, 2.

ಸ್ವಲ್ಪ ದೊಡ್ಡದನ್ನು ನೀವೇ ಮಾಡಿ. 5 ನೋಡ್, ಬಾಣಗಳು 4→1 ಮತ್ತು 5→2. ಮುಂದಿನಿಂದ ಚಿಕ್ಕದನ್ನು ಆರಿಸುತ್ತಾ ಹೋದರೆ 3, 4, 1, 5, 2 ಸಿಗುತ್ತದೆ. ಇದರಲ್ಲಿ 1 ಮೂರನೇ ಜಾಗದಲ್ಲಿದೆ. ಹಿಂದಿನಿಂದ ಬಂದರೆ 3 ಐದನೇ ಜಾಗಕ್ಕೆ, 2 ನಾಲ್ಕನೆಯದಕ್ಕೆ, ಆಗ 5 ಬಿಡುಗಡೆಯಾಗಿ ಮೂರನೆಯದಕ್ಕೆ, 1 ಎರಡಕ್ಕೆ, 4 ಮೊದಲಿಗೆ. ಕ್ರಮ 4, 1, 5, 2, 3. ಈಗ 1 ಎರಡನೇ ಜಾಗದಲ್ಲಿದೆ.

ಇದು ಯಾವಾಗಲೂ ಸರಿ ಅಂತ ಹೇಗೆ ನಂಬುವುದು? ಈ ವಾದವನ್ನು ದಯವಿಟ್ಟು ಒಂದು ಸಲ ಕೈಯಿಂದ ಬರೆಯಿರಿ. ಬಾಣ ಹೊರಡದವರಲ್ಲಿ ದೊಡ್ಡವನು ದ ಅಂದುಕೊಳ್ಳಿ. ಯಾರೋ ಒಬ್ಬರು 'ನನ್ನ ಉತ್ತರವೇ ಅತ್ಯುತ್ತಮ' ಅಂತ ತರುತ್ತಾರೆ, ಅದರ ಕೊನೆಯಲ್ಲಿ ದ ಇಲ್ಲ, ಚ ಇದ್ದಾನೆ. ಕೊನೆಯಲ್ಲಿ ಇರುವವನಿಂದ ಬಾಣ ಹೊರಡುವುದಿಲ್ಲ, ಹಾಗಾಗಿ ಚ ಕೂಡ ಆ ಗುಂಪಿನವನೇ. ದ ಆ ಗುಂಪಿನಲ್ಲಿ ದೊಡ್ಡವನು, ಆದ್ದರಿಂದ ಚ ಅವನಿಗಿಂತ ಚಿಕ್ಕವನು. ಈಗ ದನನ್ನು ಎತ್ತಿ ಕೊನೆಗೆ ಇಡಿ. ದನಿಂದ ಬಾಣ ಹೊರಡದ ಕಾರಣ ಯಾವ ನಿಯಮವೂ ಮುರಿಯುವುದಿಲ್ಲ. ಅವನ ಹಿಂದೆ ಇದ್ದವರೆಲ್ಲ ಒಂದೊಂದು ಜಾಗ ಮುಂದೆ ಬಂದರು, ಚ ಕೂಡ. ಹಿಂದೆ ಹೋದವನು ದ ಒಬ್ಬನೇ. ದನಿಗಿಂತ ಚಿಕ್ಕವರಲ್ಲಿ ಯಾರೂ ನಷ್ಟ ಮಾಡಿಕೊಳ್ಳಲಿಲ್ಲ, ಚ ಲಾಭ ಮಾಡಿಕೊಂಡ. ಅಂದರೆ ಅವರು ತಂದ ಉತ್ತರಕ್ಕಿಂತ ಇದು ಚೆನ್ನಾಗಿದೆ. ಅವರದು ಅತ್ಯುತ್ತಮ ಆಗಿರಲಿಲ್ಲ.

ಕೋಡ್ ಬರೆಯುವುದು ಸುಲಭ. ಬಾಣಗಳನ್ನೆಲ್ಲ ತಿರುಗಿಸಿ, ಕಾನ್ ವಿಧಾನವನ್ನು ದೊಡ್ಡ ನಂಬರ್ ಮೊದಲು ಬರುವ ಪ್ರಯಾರಿಟಿ ಕ್ಯೂ ಜೊತೆ ಓಡಿಸಿ, ಬಂದ ಪಟ್ಟಿಯನ್ನು ಉಲ್ಟಾ ಮಾಡಿ. ಸಿ ಪ್ಲಸ್ ಪ್ಲಸ್‌ನ ಪ್ರಯಾರಿಟಿ ಕ್ಯೂ ದೊಡ್ಡದನ್ನೇ ಮೇಲೆ ಇಡುತ್ತದೆ, ಇಲ್ಲಿ ಹಾಗೇ ಬಳಸಬಹುದು. ಜಾವಾ ಮತ್ತು ಪೈಥಾನ್‌ನಲ್ಲಿ ಚಿಕ್ಕದು ಮೇಲೆ ಬರುತ್ತದೆ. ಪೈಥಾನ್‌ನಲ್ಲಾದರೆ ನಂಬರನ್ನು ಮೈನಸ್ ಮಾಡಿ ಹಾಕಿ. ಒಂದು ಎಚ್ಚರಿಕೆ: ಸಮಸ್ಯೆ ಕೇಳುವುದು ಕ್ರಮವನ್ನೋ, ಪ್ರತಿ ನೋಡ್‌ಗೆ ಸಿಕ್ಕ ಜಾಗದ ನಂಬರನ್ನೋ ನೋಡಿಕೊಳ್ಳಿ. 'ಕೋರ್ಸ್ ಶೆಡ್ಯೂಲ್ 2' ಕ್ರಮ ಕೇಳುತ್ತದೆ, 'ಮಿನಿಮಲ್ ಲೇಬಲ್ಸ್' ಜಾಗದ ನಂಬರ್ ಕೇಳುತ್ತದೆ.

ಡೆಡ್‌ಲೈನ್ ಇದ್ದರೂ ಇದೇ ಉಪಾಯ

ಪ್ರತಿ ಕೆಲಸಕ್ಕೂ ಬೇಕಾಗುವ ಸಮಯ, ಡೆಡ್‌ಲೈನ್, ಜೊತೆಗೆ ಬಾಣಗಳು. ಯಾವ ಕೆಲಸವೂ ತುಂಬಾ ತಡವಾಗಬಾರದು, ಅಂದರೆ ಎಲ್ಲಕ್ಕಿಂತ ಹೆಚ್ಚು ತಡವಾದದ್ದು ಎಷ್ಟು ತಡವೋ ಅದು ಕಡಿಮೆ ಆಗಬೇಕು. ಬಾಣಗಳಿಲ್ಲದಿದ್ದರೆ ಡೆಡ್‌ಲೈನ್ ಹತ್ತಿರ ಇರುವುದನ್ನು ಮೊದಲು ಮಾಡಿದರೆ ಸಾಕು. ಬಾಣ ಬಂದರೆ?

ಉದಾಹರಣೆ: ಕೆಲಸಗಳ ಹೆಸರು ಅ, ಆ, ಇ. ಅ ಕೆಲಸಕ್ಕೆ 2 ಗಂಟೆ, ಡೆಡ್‌ಲೈನ್ 9. ಆ ಕೆಲಸಕ್ಕೆ 3 ಗಂಟೆ, ಡೆಡ್‌ಲೈನ್ 4. ಇ ಕೆಲಸಕ್ಕೆ 1 ಗಂಟೆ, ಡೆಡ್‌ಲೈನ್ 6. ಬಾಣ ಅ→ಆ. ಮುಂದಿನಿಂದ ನೋಡಿದರೆ ಈಗ ಮಾಡಬಹುದಾದ್ದು ಅ ಮತ್ತು ಇ, ಡೆಡ್‌ಲೈನ್ ಹತ್ತಿರ ಇರುವುದು ಇ. ಇ, ಅ, ಆ ಎಂದು ಮಾಡಿದರೆ ಆ ಮುಗಿಯುವುದು 6ಕ್ಕೆ, 2 ಗಂಟೆ ತಡ. ಇಲ್ಲೂ ಅ ಹಿಂದೆ ಆ ಅಡಗಿತ್ತು.

ಕೊನೆಯಿಂದ ನೋಡಿ. ಒಟ್ಟು ಸಮಯ 6 ಗಂಟೆ. ಕೊನೆಯ ಕೆಲಸ ಯಾವುದೇ ಆಗಲಿ, ಅದು ಮುಗಿಯುವುದು 6ಕ್ಕೇ! ಹಾಗಾದರೆ 6ಕ್ಕೆ ಮುಗಿದರೆ ಕಡಿಮೆ ನಷ್ಟ ಯಾವುದರಿಂದ ಎಂದು ಮಾತ್ರ ಕೇಳಿದರೆ ಸಾಕು. ಬಾಣ ಹೊರಡದವು ಆ ಮತ್ತು ಇ. ಇ ಡೆಡ್‌ಲೈನ್ 6, ತಡವೇ ಇಲ್ಲ. ಅದು ಕೊನೆಗೆ. ಆಮೇಲೆ ಆ 5ಕ್ಕೆ ಮುಗಿಯುತ್ತದೆ, 1 ಗಂಟೆ ತಡ. ಅ ಮೊದಲಿಗೆ. ಒಟ್ಟಾರೆ 1 ಗಂಟೆ ತಡ, ಮುಂದಿನ ವಿಧಾನಕ್ಕಿಂತ ಒಳ್ಳೆಯದು. ಯೂಜೀನ್ ಲಾಲರ್ 1973ರಲ್ಲಿ ಇದನ್ನು ಇನ್ನೂ ಸಾಮಾನ್ಯ ರೂಪದಲ್ಲಿ ಸಾಧಿಸಿ ತೋರಿಸಿದರು. ತಡವಾದಷ್ಟೂ ದಂಡ ಇಳಿಯದಿದ್ದರೆ ಸಾಕು, ಯಾವ ಲೆಕ್ಕದ ದಂಡಕ್ಕೂ ಇದು ನಡೆಯುತ್ತದೆ. ವಾದ ಮೇಲಿನದೇ: ಒಬ್ಬನನ್ನು ಕೊನೆಗೆ ಎತ್ತಿಟ್ಟರೆ ಉಳಿದವರು ಮುಂದೆ ಬರುತ್ತಾರೆ, ಹಿಂದೆ ಹೋಗುವುದಿಲ್ಲ.

ಪಕ್ಕಪಕ್ಕದ ಇಬ್ಬರನ್ನು ಅದಲುಬದಲು ಮಾಡಿ ನೋಡಿ

ಯಾವುದರ ಆಧಾರದ ಮೇಲೆ ಸಾರ್ಟ್ ಮಾಡಬೇಕು ಅಂತ ಹೊಳೆಯದಿದ್ದಾಗ ಊಹೆ ಮಾಡಬೇಡಿ. ಪಕ್ಕಪಕ್ಕದ ಇಬ್ಬರನ್ನು ತೆಗೆದುಕೊಂಡು ಜಾಗ ಬದಲಿಸಿ, ಲೆಕ್ಕ ಎಷ್ಟು ಬದಲಾಯಿತು ನೋಡಿ.

ಹಿಟ್ಟಿನ ಗಿರಣಿಯ ಮುಂದೆ ಮೂರು ಜನ ಇದ್ದಾರೆ. ಒಬ್ಬರ ಕಾಳು ಬೀಸಲು 20 ನಿಮಿಷ, ಇನ್ನೊಬ್ಬರದು 5, ಮತ್ತೊಬ್ಬರದು 10. ಬಂದ ಕ್ರಮದಲ್ಲಿ ಮಾಡಿದರೆ ಅವರು ಮನೆಗೆ ಹೊರಡುವುದು 20, 25, 35ನೇ ನಿಮಿಷಕ್ಕೆ, ಒಟ್ಟು 80. ಚಿಕ್ಕದು ಮೊದಲು ಮಾಡಿದರೆ 5, 15, 35, ಒಟ್ಟು 55. ಇಲ್ಲಿ ಎಲ್ಲರೂ ಸಮಾನ. ಈಗ ಪ್ರತಿ ಕೆಲಸಕ್ಕೂ ಒಂದು ತೂಕ ಇದೆ, ಮುಗಿಯುವ ಸಮಯವನ್ನು ಆ ತೂಕದಿಂದ ಗುಣಿಸಿ ಕೂಡಿಸಬೇಕು ಅಂದುಕೊಳ್ಳಿ. ಕ ಆದ ತಕ್ಷಣ ಗ. ಇಬ್ಬರಿಗಿಂತ ಮುಂಚಿನವರಿಗೂ ಆಮೇಲಿನವರಿಗೂ ಇವರ ಅದಲುಬದಲಿನಿಂದ ಏನೂ ಆಗುವುದಿಲ್ಲ. ಕ ಮೊದಲಾದರೆ ಗನ ತೂಕ × ಕನ ಸಮಯ ಹೆಚ್ಚಾಗುತ್ತದೆ. ಗ ಮೊದಲಾದರೆ ಕನ ತೂಕ × ಗನ ಸಮಯ ಹೆಚ್ಚಾಗುತ್ತದೆ. ಯಾವುದು ಕಡಿಮೆಯೋ ಆ ಕ್ರಮ. ಅಂದರೆ ತೂಕವನ್ನು ಸಮಯದಿಂದ ಭಾಗಿಸಿ, ಹೆಚ್ಚು ಬಂದವರು ಮೊದಲು. ಇದು 1956ರ ಸ್ಮಿತ್ ನಿಯಮ. ಅದಲುಬದಲಿನ ಲೆಕ್ಕದಿಂದ ಸಾರ್ಟ್ ಮಾಡುವ ಸೂತ್ರ ತಾನಾಗಿಯೇ ಹೊರಬಂತು, ನೋಡಿದಿರಾ?

ಕೋಡ್‌ನಲ್ಲಿ ಭಾಗಾಕಾರ ಮಾಡಬೇಡಿ, ದಶಾಂಶದಲ್ಲಿ ತಪ್ಪು ಸೇರಿಕೊಳ್ಳುತ್ತದೆ. ಗುಣಿಸಿಯೇ ಹೋಲಿಸಿ. ತೂಕ, ಸಮಯ ಎರಡೂ 100 ಕೋಟಿಯವರೆಗೆ ಇದ್ದರೆ ಗುಣಲಬ್ಧ 64 ಬಿಟ್‌ನಲ್ಲಿ ಹಿಡಿಸುತ್ತದೆ, 32 ಬಿಟ್‌ನಲ್ಲಿ ಹಿಡಿಸುವುದಿಲ್ಲ.

ತೂಕದ ಜೊತೆ ಬಾಣವೂ ಬಂದರೆ

ಈಗ ಅತಿ ಹೆಚ್ಚು ಜನ ಜಾರುವ ಜಾಗ. ಕೆಲಸಗಳು ಪ, ಫ, ಬ. ಎಲ್ಲಕ್ಕೂ 1 ಗಂಟೆ. ತೂಕ: ಪ 1, ಫ 10, ಬ 2. ಬಾಣ ಪ→ಫ. ಮುಂದಿನಿಂದ ಸ್ಮಿತ್ ನಿಯಮ ಹಚ್ಚಿದರೆ ಬ, ಪ, ಫ. ವೆಚ್ಚ 2×1 + 1×2 + 10×3 = 34. ಆದರೆ ಪ, ಫ, ಬ ಮಾಡಿದರೆ 1×1 + 10×2 + 2×3 = 27. ಮತ್ತೆ ಅದೇ ಕಥೆ, ಪ ಹಿಂದೆ ಫ ಅಡಗಿತ್ತು.

ಕೊನೆಯಿಂದ ನೋಡುವ ಉಪಾಯ ಇಲ್ಲಿ ಸಾಲದು. ಬಾಣಗಳು ಮರದ ಆಕಾರದಲ್ಲಿ, ಅಂದರೆ ಪ್ರತಿ ನೋಡ್‌ಗೆ ಒಂದೇ ಪೇರೆಂಟ್ (ಅದಕ್ಕೆ ಬಾಣ ಕಳಿಸುವ ನೋಡ್) ಇದ್ದರೆ, ಗಂಟು ಕಟ್ಟುವ ಉಪಾಯ ಇದೆ. ಇಡೀ ಮರದಲ್ಲಿ, ರೂಟ್ (ಪೇರೆಂಟ್ ಇಲ್ಲದ ನೋಡ್) ಬಿಟ್ಟು, ತೂಕ ಭಾಗಿಸು ಸಮಯ ಎಲ್ಲಕ್ಕಿಂತ ಹೆಚ್ಚಿರುವ ನೋಡ್ ಹುಡುಕಿ. ಅದರ ಪೇರೆಂಟ್ ಮುಗಿದ ಮರುಕ್ಷಣವೇ ಅದನ್ನು ಮಾಡಬೇಕು. ಅದಕ್ಕಿಂತ ಒಳ್ಳೆಯದು ಬೇರೆ ಯಾವುದೂ ಇಲ್ಲವಲ್ಲ, ನಡುವೆ ಇನ್ನೊಂದನ್ನು ಯಾಕೆ ತೂರಿಸಬೇಕು? ಹಾಗಾಗಿ ಪೇರೆಂಟ್ ಮತ್ತು ಅದನ್ನು ಸೇರಿಸಿ ಒಂದೇ ಗಂಟು ಮಾಡಿ. ಸಮಯಗಳನ್ನು ಕೂಡಿಸಿ, ತೂಕಗಳನ್ನು ಕೂಡಿಸಿ. ಒಂದೇ ಗಂಟು ಉಳಿಯುವ ತನಕ ಮಾಡುತ್ತಾ ಹೋಗಿ. ಮೇಲಿನ ಉದಾಹರಣೆಯಲ್ಲಿ ಎಲ್ಲಕ್ಕೂ ಮೇಲೆ 0 ತೂಕದ ಒಂದು ರೂಟ್ ಇದೆ ಅಂದುಕೊಳ್ಳಿ. ಫ ಮತ್ತು ಪ ಸೇರಿ ತೂಕ 11, ಸಮಯ 2, ಅಂದರೆ 5.5. ಬ ಬರೀ 2. ಗಂಟು ಮೊದಲು, ಬ ಆಮೇಲೆ.

ಕೋಡ್‌ಗೆ ಒಂದು ಹೀಪ್ (ಅಂದರೆ ಪ್ರಯಾರಿಟಿ ಕ್ಯೂ), ಜೊತೆಗೆ ಯಾರು ಯಾವ ಗಂಟಿನಲ್ಲಿದ್ದಾರೆ ಎಂದು ಹೇಳಲು ಯೂನಿಯನ್ ಫೈಂಡ್. ಗಂಟು ಬೆಳೆದಾಗ ಹೀಪ್‌ನಲ್ಲಿ ಅದರ ಹಳೆಯ ಲೆಕ್ಕ ಉಳಿದಿರುತ್ತದೆ. ಹೊರಗೆ ತೆಗೆದಾಗ ಈಗಿನ ಲೆಕ್ಕಕ್ಕೆ ಹೊಂದದಿದ್ದರೆ ಸುಮ್ನೆ ಬಿಟ್ಟುಬಿಡಿ. ಆಟ್‌ಕೋಡರ್ ಗ್ರ್ಯಾಂಡ್ ಕಾಂಟೆಸ್ಟ್ 23ರ ಎಫ್ ಸಮಸ್ಯೆ ಇದೇ ಉಪಾಯದ್ದು. ಅಲ್ಲಿ ತೂಕ ಮತ್ತು ಸಮಯದ ಬದಲು 0 ಮತ್ತು 1ರ ಎಣಿಕೆ ಇದೆ.

ಮರ ಅಲ್ಲದ, ಹೇಗೆ ಬೇಕೋ ಹಾಗೆ ಬಾಣಗಳಿರುವ ಗ್ರಾಫ್‌ಗೆ ಈ ತೂಕದ ಸಮಸ್ಯೆ ಎನ್‌ಪಿ-ಹಾರ್ಡ್. ವೇಗದ ವಿಧಾನ ಯಾರ ಬಳಿಯೂ ಇಲ್ಲ. ಅಂಥದ್ದು ಕಂಡರೆ ಸಮಸ್ಯೆಯನ್ನು ಮತ್ತೆ ಓದಿ. ಎಲ್ಲೋ ಒಂದು ನಿರ್ಬಂಧ ನಿಮ್ಮ ಕಣ್ಣು ತಪ್ಪಿಸಿರುತ್ತದೆ.

ಮಿತಿಗಳನ್ನು ಓದಿ

ನೋಡ್‌ಗಳ ಸಂಖ್ಯೆಯ ಮಿತಿ ಒಂದು ಸುಳಿವು. 1 ಅಥವಾ 2 ಲಕ್ಷ ಇದ್ದರೆ ಸಾರ್ಟ್, ಹೀಪ್, ಗ್ರೀಡಿ ಕಡೆ ಯೋಚಿಸಿ. 15 ಅಥವಾ 20 ಇದ್ದರೆ ಗ್ರೀಡಿ ನಡೆಯುವುದಿಲ್ಲ ಅಂತ ಸಮಸ್ಯೆ ಬರೆದವರೇ ಹೇಳುತ್ತಿದ್ದಾರೆ ಅಂದುಕೊಳ್ಳಿ.

ಲೀಟ್‌ಕೋಡ್‌ನ 'ಪ್ಯಾರಲಲ್ ಕೋರ್ಸಸ್ 2' ಇದಕ್ಕೆ ಸರಿಯಾದ ಉದಾಹರಣೆ. ಒಂದು ಸೆಮಿಸ್ಟರ್‌ನಲ್ಲಿ ಇಂತಿಷ್ಟೇ ಕೋರ್ಸ್ ತೆಗೆದುಕೊಳ್ಳಬಹುದು, ಎಷ್ಟು ಸೆಮಿಸ್ಟರ್ ಬೇಕು? ಕೋರ್ಸ್‌ಗಳು ಹೆಚ್ಚೆಂದರೆ 15. 'ಜಾಸ್ತಿ ಬಾಣ ಹೊರಡುವುದನ್ನು ಮೊದಲು ಮುಗಿಸೋಣ' ಅನ್ನಿಸುತ್ತದೆ. ಅದನ್ನು ಮುರಿಯೋಣ. ಸೆಮಿಸ್ಟರ್‌ಗೆ 2 ಕೋರ್ಸ್. 1→2→3→4 ಒಂದು ಸರಪಳಿ. 5 ಮತ್ತು 6, ಎರಡರಿಂದಲೂ 7 ಮತ್ತು 8ಕ್ಕೆ ಬಾಣ. 5, 6ರಿಂದ ಎರಡೆರಡು ಬಾಣ ಹೊರಡುವುದರಿಂದ ಅವು ಮೊದಲ ಸೆಮಿಸ್ಟರ್‌ಗೆ. ಆಮೇಲೆ 1 ಮತ್ತು 7, 2 ಮತ್ತು 8, 3, 4. ಒಟ್ಟು 5 ಸೆಮಿಸ್ಟರ್. ಆದರೆ 1 ಮತ್ತು 5, 2 ಮತ್ತು 6, 3 ಮತ್ತು 7, 4 ಮತ್ತು 8 ಎಂದು ಮಾಡಿದರೆ ನಾಲ್ಕರಲ್ಲೇ ಮುಗಿಯುತ್ತದೆ. ಇಲ್ಲಿ ಮುಗಿದ ಕೋರ್ಸ್‌ಗಳ ಗುಂಪನ್ನೇ ಬಿಟ್‌ಮಾಸ್ಕ್ (ಪ್ರತಿ ಕೋರ್ಸ್‌ಗೆ ಒಂದು 0 ಅಥವಾ 1 ಇರುವ ಸಂಖ್ಯೆ) ಮಾಡಿ ಡಿಪಿ (ಚಿಕ್ಕ ಉತ್ತರಗಳನ್ನು ನೆನಪಿಟ್ಟುಕೊಂಡು ದೊಡ್ಡದನ್ನು ಕಟ್ಟುವ ವಿಧಾನ) ಬರೆಯಬೇಕು. ಸೆಮಿಸ್ಟರ್‌ಗೆ 2 ಮಾತ್ರ ಅಂತ ಇದ್ದರೆ 1972ರ ಕಾಫ್‌ಮನ್-ಗ್ರಹಾಂ ವಿಧಾನ ಸರಿಯಾದ ಉತ್ತರ ಕೊಡುತ್ತದೆ, ಆದರೆ ಸಂಖ್ಯೆ ಬದಲಾಗುವಾಗ ಅದು ಸಾಲದು.

ಎಷ್ಟು ಬೇಕಾದರೂ ಒಟ್ಟಿಗೆ ಮಾಡಬಹುದು ಅಂದರೆ ಆಯ್ಕೆಯೇ ಇಲ್ಲ. ಟೋಪೊಲಾಜಿಕಲ್ ಕ್ರಮದಲ್ಲಿ ಹೋಗುತ್ತಾ, ಪ್ರತಿ ನೋಡ್‌ಗೆ ಅದಕ್ಕೆ ಬಾಣ ಕಳಿಸುವವುಗಳಲ್ಲಿ ಅತಿ ತಡವಾಗಿ ಮುಗಿಯುವುದಕ್ಕೆ ಇದರ ಸಮಯ ಸೇರಿಸಿ. ಅಷ್ಟೇ.

ಹೆಸರು ನೋಡಿ ವಿಧಾನ ಆರಿಸಬೇಡಿ. ಲೀಟ್‌ಕೋಡ್‌ನ 'ಕೋರ್ಸ್ ಶೆಡ್ಯೂಲ್ 3'ರಲ್ಲಿ ಬಾಣಗಳೇ ಇಲ್ಲ. ಡೆಡ್‌ಲೈನ್ ಪ್ರಕಾರ ಸಾರ್ಟ್ ಮಾಡಿ, ಒಂದೊಂದೇ ಸೇರಿಸುತ್ತಾ, ಸಮಯ ಮೀರಿದಾಗ ಅಲ್ಲಿಯ ತನಕ ತೆಗೆದುಕೊಂಡದ್ದರಲ್ಲಿ ಅತಿ ಉದ್ದದ್ದನ್ನು ಹೊರಹಾಕುವ ಗ್ರೀಡಿ ಅದು.

ಸಬ್ಮಿಟ್ ಮಾಡುವ ಮುಂಚೆ

ವಾದ ಬರೆದರೂ ಒಂದು ಪರೀಕ್ಷೆ ಮಾಡಿ. 6 ಅಥವಾ 7 ನೋಡ್‌ಗಳ ಚಿಕ್ಕ ಗ್ರಾಫ್‌ಗಳನ್ನು ರ‍್ಯಾಂಡಮ್ ಆಗಿ ತಯಾರಿಸಿ. 7 ನೋಡ್‌ಗಳಿಗೆ ಒಟ್ಟು 5040 ಕ್ರಮಗಳು, ಎಲ್ಲವನ್ನೂ ಸುಲಭವಾಗಿ ಪರೀಕ್ಷಿಸಬಹುದು. ನಿಯಮ ಮುರಿಯದವುಗಳಲ್ಲಿ ಅತ್ಯುತ್ತಮವನ್ನು ನಿಮ್ಮ ಗ್ರೀಡಿ ಉತ್ತರದ ಜೊತೆ ಹೋಲಿಸಿ. ಸಾವಿರ ಸಲ ಓಡಿಸಿ. ವ್ಯತ್ಯಾಸ ಬಂದ ಅತಿ ಚಿಕ್ಕ ಗ್ರಾಫ್ ಅನ್ನು ಕಾಗದದ ಮೇಲೆ ಬರೆಯಿರಿ. ಶುರುವಿನ 3→1 ಉದಾಹರಣೆ ನನಗೆ ಸಿಕ್ಕಿದ್ದು ಹೀಗೇ.

ಇದರಲ್ಲಿ ಒಂದು ಗುಂಡಿ ಇದೆ. ಸೈಕಲ್ ಬರಬಾರದು ಅಂತ ಎಲ್ಲರೂ ಚಿಕ್ಕ ನಂಬರಿನಿಂದ ದೊಡ್ಡ ನಂಬರಿಗೆ ಮಾತ್ರ ಬಾಣ ಹಾಕುತ್ತಾರೆ. ಹಾಗೆ ಮಾಡಿದರೆ 1, 2, 3 ಎಂಬ ಕ್ರಮವೇ ಪ್ರತಿ ಸಲ ಸರಿ, ತಪ್ಪು ಗ್ರೀಡಿ ಕೂಡ ಸಾವಿರ ಪರೀಕ್ಷೆ ಪಾಸಾಗುತ್ತದೆ. ಆದ್ದರಿಂದ ಗ್ರಾಫ್ ತಯಾರಾದ ಮೇಲೆ ನಂಬರ್‌ಗಳನ್ನು ಕಲಸಿ ಹಂಚಿ.

ಬಾಕಿ ಸಣ್ಣ ತಪ್ಪುಗಳು: ಒಂದೇ ಬಾಣ ಎರಡು ಸಲ ಕೊಟ್ಟಿರುತ್ತಾರೆ. ಬಾಣಗಳನ್ನು ಸೆಟ್‌ನಲ್ಲಿ ಇಟ್ಟು ಇನ್‌ಡಿಗ್ರಿಯನ್ನು ಎರಡು ಸಲ ಏರಿಸಿದರೆ ಆ ನೋಡ್ ಎಂದೂ ಬಿಡುಗಡೆ ಆಗುವುದಿಲ್ಲ. 1 ಲಕ್ಷ ನೋಡ್‌ಗಳಿಗೆ ಮ್ಯಾಟ್ರಿಕ್ಸ್ ಮಾಡಿದರೆ 1000 ಕೋಟಿ ಮನೆಗಳು ಬೇಕು, ಅಡ್ಜೆಸೆನ್ಸಿ ಲಿಸ್ಟ್ (ಪ್ರತಿ ನೋಡ್‌ಗೆ ಅದರಿಂದ ಹೊರಡುವ ಬಾಣಗಳ ಪಟ್ಟಿ) ಬಳಸಿ. ಬಹಳ ಟೆಸ್ಟ್ ಕೇಸ್ ಇದ್ದರೆ ಪ್ರತಿ ಸಲ ಇನ್‌ಡಿಗ್ರಿ ಸೊನ್ನೆ ಮಾಡಿ.

ಯಾವ ಕ್ರಮದಲ್ಲಿ ಅಭ್ಯಾಸ ಮಾಡಬೇಕು

ನನ್ನ ಸಲಹೆ ಇದು. ಮೊದಲು ಸಿಎಸ್‌ಇಎಸ್ 'ಕೋರ್ಸ್ ಶೆಡ್ಯೂಲ್'. ಆಮೇಲೆ ಅಲ್ಲೇ 'ಲಾಂಗೆಸ್ಟ್ ಫ್ಲೈಟ್ ರೂಟ್' ಮತ್ತು 'ಗೇಮ್ ರೂಟ್ಸ್'. ಕ್ರಮ ಸಿಕ್ಕ ಮೇಲೆ ಅದರ ಮೇಲೆ ಡಿಪಿ ಹೇಗೆ ಕೂರುತ್ತದೆ ಅಂತ ಇವು ಕಲಿಸುತ್ತವೆ. ಬಾಣ ಹುಡುಕುವ ಅಭ್ಯಾಸಕ್ಕೆ ಕೋಡ್‌ಫೋರ್ಸಸ್ 510ಸಿ 'ಫಾಕ್ಸ್ ಆ್ಯಂಡ್ ನೇಮ್ಸ್', ನಿಘಂಟಿನ ಸಮಸ್ಯೆ ಅದೇ. ಬಾಣವಿಲ್ಲದ ಗ್ರೀಡಿಗೆ ಸಿಎಸ್‌ಇಎಸ್ 'ಟಾಸ್ಕ್ಸ್ ಆ್ಯಂಡ್ ಡೆಡ್‌ಲೈನ್ಸ್', ಅದನ್ನು ಗಿರಣಿಯ ಲೆಕ್ಕದಿಂದಲೇ ಬಿಡಿಸಬಹುದು. ಅಷ್ಟಾದ ಮೇಲೆ 'ಕೋರ್ಸ್ ಶೆಡ್ಯೂಲ್ 2'. ಅದರ ಕೋಡ್ ಬರೆಯುವ ಮುಂಚೆ ಮೇಲಿನ ದ ಮತ್ತು ಚ ವಾದವನ್ನು ನೋಡದೆ ಬರೆಯಲು ಆಗುತ್ತದಾ ಪ್ರಯತ್ನಿಸಿ. ಆಟ್‌ಕೋಡರ್‌ನ ಎಫ್ ಸಮಸ್ಯೆಯನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ. ಅದಕ್ಕೆ ಒಂದು ವಾರ ಹಿಡಿದರೂ ಪರವಾಗಿಲ್ಲ. 6 ನೋಡ್‌ಗಳ ಮರ ಬರೆದು, ಪೆನ್ಸಿಲ್‌ನಲ್ಲಿ ಒಂದೊಂದೇ ಗಂಟು ಕಟ್ಟಿ, ಪ್ರತಿ ಗಂಟಿನ ಪಕ್ಕ 0 ಎಷ್ಟು, 1 ಎಷ್ಟು ಅಂತ ಬರೆಯುತ್ತಾ ಹೋಗಿ.